ಮನಸ್ಸಿನ ಚಿಕಿತ್ಸೆಗೆ ವಿಮೆಯ ಹಣ: ತಿಳಿದಿರಬೇಕಾದ ವಿಷಯಗಳು



ಆಪ್ತಸಮಾಲೋಚನೆ ಒಂದೇ ದಿನಕ್ಕೆ ಮುಗಿಯುವ ಚಿಕಿತ್ಸೆಯಲ್ಲ. ಸಖರಾಯಪಟ್ಟಣದಿಂದ ಕಡೂರಿಗೋ ಚಿಕ್ಕಮಗಳೂರಿಗೋ ಹೋಗಿಬರುವವರಿಗೆ ಶುಲ್ಕದ ಜೊತೆಗೆ ಬಸ್ ಖರ್ಚು, ಆ ದಿನದ ಕೂಲಿಯೂ ಹೋಗುತ್ತದೆ. ಹಣಕ್ಕಾಗಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಕಾಯಿಲೆ ಮರುಕಳಿಸಬಹುದು.

ಕಾನೂನು ಏನು ಹೇಳುತ್ತದೆ?
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 21ನೇ ಕಲಮಿನ ಪ್ರಕಾರ, ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಸೌಲಭ್ಯ ಇರಬೇಕು.

ಗಮನಿಸಿ: ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಮಾತ್ರ ಕೊಡುತ್ತವೆ. ಬಂದು ಮಾತನಾಡಿ ಹೋಗುವ ಆಪ್ತಸಮಾಲೋಚನೆಗೆ ಹಣ ಸಿಗಬೇಕಾದರೆ ಪಾಲಿಸಿಯಲ್ಲಿ ಹೊರರೋಗಿ (ಓ.ಪಿ.ಡಿ.) ಸೌಲಭ್ಯ ಇರಬೇಕು.

ನೀವು ಮಾಡಬೇಕಾದುದು:
1. ಹೊರರೋಗಿ ಸೌಲಭ್ಯ ಇದೆಯೇ, ಕಾಯುವ ಅವಧಿ ಎಷ್ಟು ಎಂದು ಮೊದಲೇ ಕೇಳಿ.
2. ವೈದ್ಯರ ಚೀಟಿ, ಪ್ರತಿ ಭೇಟಿಯ ರಸೀದಿ ಜೋಪಾನವಾಗಿಡಿ.
3. ವಿಮೆಯ ಅರ್ಜಿಯಲ್ಲಿ ಹಳೆಯ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು.
4. ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ.

ವಿಮೆ ಇಲ್ಲದವರಿಗೆ:
2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಮಾತ್ರೆಯನ್ನಾಗಲಿ ಭೇಟಿಯನ್ನಾಗಲಿ ನಿಲ್ಲಿಸುವ ಮೊದಲು ಹಣದ ತೊಂದರೆಯನ್ನು ವೈದ್ಯರಿಗೆ ಅಥವಾ ದಾದಿಯರಿಗೆ ತಿಳಿಸಿ. ಹೇಳಿಕೊಳ್ಳಲು ಸಂಕೋಚ ಬೇಡ.