ದೋಷಯುಕ್ತ ಗೃಹೋಪಕರಣದಿಂದ ಗಾಯವಾದರೆ: ಗ್ರಾಹಕರಿಗಿರುವ ಕಾನೂನಿನ ರಕ್ಷಣೆ

ಹುಬ್ಬಳ್ಳಿಯಲ್ಲಿ ಕೊಂಡ ಪ್ರೆಷರ್ ಕುಕ್ಕರ್ ಪುಣೆಯ ಮನೆಯಲ್ಲಿ ಸಿಡಿದು ಗೃಹಿಣಿಯ ಕೈ ಸುಟ್ಟಿತೆನ್ನೋಣ. ಅಂಗಡಿಯವರು ಹೊಸ ಕುಕ್ಕರ್ ಕೊಡುವುದಾಗಿ ಹೇಳಿ, ಒಡೆದುದನ್ನು ಹಿಂದಿರುಗಿಸಲು ಕೇಳುತ್ತಾರೆ. ಅದನ್ನು ಒಪ್ಪಿಸಿದರೆ ಮುಖ್ಯ ಸಾಕ್ಷ್ಯವೇ ಕೈತಪ್ಪಿದಂತೆ.

2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಲ್ಲಿ ‘ಉತ್ಪನ್ನ ಹೊಣೆಗಾರಿಕೆ’ಗೆ ಪ್ರತ್ಯೇಕ ಅಧ್ಯಾಯವಿದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದು, ಇಲ್ಲವೇ ಬಳಕೆಗೆ ಅಗತ್ಯವಾದ ಸೂಚನೆ, ಎಚ್ಚರಿಕೆಗಳನ್ನು ನೀಡದೆ ಗಾಯವಾದರೆ ಅದಕ್ಕೆ ತಯಾರಕರು ಹೊಣೆಗಾರರು. ಹಣ ತೆತ್ತವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ವಸ್ತುವನ್ನು ಬಳಸಿದವರೂ ಗ್ರಾಹಕರೇ. ಆದರೆ ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರ ವಿರುದ್ಧ ಈ ಹೊಣೆಗಾರಿಕೆಯ ದೂರು ನಿಲ್ಲುವುದಿಲ್ಲ.

ಗಾಯಗೊಂಡವರು ಈ ಕ್ರಮಗಳನ್ನು ಅನುಸರಿಸಬೇಕು:

1. ಕೂಡಲೇ ಚಿಕಿತ್ಸೆ ಪಡೆದು, ವೈದ್ಯರ ಚೀಟಿ ಹಾಗೂ ಬಿಲ್ಲುಗಳನ್ನು ಇಟ್ಟುಕೊಳ್ಳಿ.

2. ಉಪಕರಣವನ್ನು ರಿಪೇರಿ ಮಾಡಿಸದೆ, ಚೂರುಗಳ ಸಮೇತ ಜೋಪಾನವಾಗಿಡಿ. ದೋಷವನ್ನು ನಿರ್ಧರಿಸಲು ಗ್ರಾಹಕ ಆಯೋಗವು ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು.

3. ರಸೀದಿ ಮತ್ತು ವಾರಂಟಿ ಕಾರ್ಡನ್ನು ಕಾಪಾಡಿ. ತಯಾರಕರಿಗೆ ಲಿಖಿತವಾಗಿ ತಿಳಿಸಿ.

4. ಪರಿಹಾರ ದೊರೆಯದಿದ್ದರೆ, ದೂರಿನ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸಿ.

ದೂರಿಗಾಗಿ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ. ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ಸಲ್ಲಿಸಬಹುದು. ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹೊಸ ಕುಕ್ಕರ್ ಸುಟ್ಟ ಗಾಯಕ್ಕೆ ಪರಿಹಾರವಲ್ಲ ಎಂಬುದನ್ನು ಗ್ರಾಹಕರು ಮರೆಯಬಾರದು.