ಸುಮ್ಮನಿರದ ಕೈಗೆ ಏನು ಕೊಡಲಿ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಆರು ವರ್ಷದ ಮಗ ತರಗತಿಯಲ್ಲಿ ಸುಮ್ಮನೆ ಕೂರುವುದಿಲ್ಲ, ಕಾಲರ್ ಕಚ್ಚುತ್ತಾನೆ. ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು ಕಷ್ಟಪಡುತ್ತಾನೆ. ಫಿಜೆಟ್ ಆಟಿಕೆ ಕೊಡಿಸಲೇ?

ಉತ್ತರ: ಕೊಡಿಸಿ. ಹಟವೆಂದು ಮಾತ್ರ ಗದರಬೇಡಿ. ದೇಹ ಕೇಳುವುದನ್ನೇ ಅವನು ಮಾಡುತ್ತಿದ್ದಾನೆ. ಆದರೆ ಗಿರಗಿರ ತಿರುಗುವ ಸ್ಪಿನ್ನರ್ ಕಣ್ಣನ್ನೂ ಸೆಳೆದು ಪಾಠ ಮರೆಸುತ್ತದೆ. ನೋಡದೆಯೇ ಹಿಸುಕಬಲ್ಲ, ಸದ್ದು ಮಾಡದ ವಸ್ತು ಒಳ್ಳೆಯದು. ದಪ್ಪ ಬಟ್ಟೆಯ ಪುಟ್ಟ ಚೀಲಕ್ಕೆ ಅಕ್ಕಿ ತುಂಬಿ ಬಿಗಿಯಾಗಿ ಹೊಲಿದರೂ ಸಾಕು. ಟೀಚರಿಗೆ ಮೊದಲೇ ತಿಳಿಸಿ.

ಬೆರಳಿನ ಬಲಕ್ಕೆ ಬೇರೆ ಅಭ್ಯಾಸ ಬೇಕು. ಚಪಾತಿ ಹಿಟ್ಟು ನಾದಲಿ, ಒಣಹಾಕಿದ ಬಟ್ಟೆಗೆ ಕ್ಲಿಪ್ ಸಿಕ್ಕಿಸಲಿ. ನಿಮ್ಮೂರಿನ ಖಗೋಳ ಸಂಶೋಧನಾ ಸಂಸ್ಥೆ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತರ ಆಟಿಕೆಗಳನ್ನೂ ನೋಡಿ. ಸೈಕಲ್ ವಾಲ್ವ್ ಟ್ಯೂಬಿನ ಚಿಕ್ಕ ತುಂಡಿಗೆ ಎರಡೂ ಕಡೆಯಿಂದ ಬೆಂಕಿಕಡ್ಡಿ ತೂರಿಸಿ ತ್ರಿಕೋನ, ಚೌಕ ಕಟ್ಟುವ ಆಟ ಅದರಲ್ಲೊಂದು. ಒಂದು ಕೈ ಟ್ಯೂಬ್ ಹಿಡಿದಿರಬೇಕು, ಇನ್ನೊಂದರ ಹೆಬ್ಬೆರಳು, ತೋರುಬೆರಳು ಸೇರಿ ಕಡ್ಡಿ ತಳ್ಳಬೇಕು. ಪೆನ್ಸಿಲಿಗೂ ಈ ಹಿಡಿತವೇ ಆಧಾರ. ಕಡ್ಡಿಯ ಮದ್ದನ್ನು ಮೊದಲೇ ತೆಗೆದುಬಿಡಿ, ಆಟ ಮುಗಿಯುವವರೆಗೆ ಪಕ್ಕದಲ್ಲೇ ಕೂತಿರಿ. ಕಂಡದ್ದನ್ನು ಬಾಯಿಗಿಡುವ ಮಗುವಿಗೆ ಸಣ್ಣ ತುಂಡು, ಅಯಸ್ಕಾಂತದ ಗುಂಡು, ಬಟನ್ ಸೆಲ್ ಬಹಳ ಅಪಾಯಕಾರಿ.

ಆಟಿಕೆಯಿಂದಲೇ ಎಲ್ಲ ಸರಿಹೋಗುತ್ತದೆಂದು ಕಾಯಬೇಡಿ. ಕಚ್ಚುವುದು, ಗುಂಡಿ ಹಾಕಲಾಗದಿರುವುದು ಎರಡೂ ಇರುವುದರಿಂದ ಮಕ್ಕಳ ವೈದ್ಯರ ಮೂಲಕ, ದಿನನಿತ್ಯದ ಕೆಲಸಗಳ ಕೌಶಲ ಬೆಳೆಸುವ ಆಕ್ಯುಪೇಶನಲ್ ಥೆರಪಿಸ್ಟರನ್ನು ಈ ತಿಂಗಳೇ ಕಾಣಿ. ಯಾವ ಸ್ಪರ್ಶ ಅವನಿಗೆ ಹಿತ, ಯಾವುದು ಕಿರಿಕಿರಿ ಎಂದು ಬರೆದಿಟ್ಟುಕೊಂಡು ಹೋಗಿ. ಆ ಪಟ್ಟಿ ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.