ಮೀನು ತೊಟ್ಟಿಯ ನೀರು ಬದಲಾವಣೆ: ಅವಘಡಗಳು ಮತ್ತು ನಿವಾರಣೋಪಾಯಗಳು

ಘಟಪ್ರಭೆಯ ನೀರು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಬೇಸಾಯಕ್ಕೆ ಆಧಾರ. ಧೂಪದಾಳದ ಒಡ್ಡು 1897ರಲ್ಲಿ ಮುಗಿದಂದಿನಿಂದ ಗೋಕಾಕ ಸೀಮೆಗೆ ಕಾಲುವೆ ನೀರಿನ ಪರಿಚಯವಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಕಟ್ಟಿದ ರಾಜಾ ಲಖಮಗೌಡ ಜಲಾಶಯವು ಈ ನೀರಾವರಿಯನ್ನು ಬಹುವಾಗಿ ವಿಸ್ತರಿಸಿತು. ಕಾಲುವೆಯ ಸರದಿ ತಪ್ಪಿದಾಗ ಬೆಳೆಗೆ ಒದಗಲೆಂದು ಹೊಲದಲ್ಲಿ ಕೃಷಿ ಹೊಂಡ ಅಥವಾ ಸಿಮೆಂಟ್ ತೊಟ್ಟಿ ಮಾಡಿಕೊಂಡ ರೈತರು ಅದೇ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳನ್ನು ಸಾಕಿ ಉಪ ಆದಾಯ ಪಡೆಯಬಹುದು.

ಆದರೆ ಕೆರೆಯಲ್ಲಿ ಮೀನು ಸಾಕುವುದಕ್ಕೂ ತೊಟ್ಟಿಯಲ್ಲಿ ಸಾಕುವುದಕ್ಕೂ ವ್ಯತ್ಯಾಸವಿದೆ. ಕೆರೆಯ ನೀರು ಅಪಾರ. ಅದರ ಗುಣ ನಿಧಾನವಾಗಿ ಬದಲಾಗುತ್ತದೆ. ತೊಟ್ಟಿಯ ನೀರು ಮಿತವಾದುದು. ಒಂದು ತಾಸಿನಲ್ಲಿ ಅದರ ಗುಣ ಪೂರ್ತಿ ಬದಲಾಗಬಹುದು. ಎಂಟು ತಿಂಗಳು ಆಹಾರ ಹಾಕಿ ಬೆಳೆಸಿದ ಮೀನು ನೀರು ಬದಲಿಸಿದ ಒಂದೇ ರಾತ್ರಿಯಲ್ಲಿ ಸತ್ತು ತೇಲುವುದು ಇದೇ ಕಾರಣದಿಂದ. ಹೊಸ ನೀರು ಕೆಟ್ಟದ್ದಾಗಿರಬೇಕೆಂದೇನೂ ಇಲ್ಲ. ಒಳ್ಳೆಯ ನೀರನ್ನೇ ಒಮ್ಮೆಲೇ ಬಿಟ್ಟರೂ ಮೀನು ಸಾಯಬಹುದು. ಬದಲಾವಣೆಯ ವೇಗವೇ ಇಲ್ಲಿ ಮುಖ್ಯ.

ನೀರು ಬದಲಿಸುವ ಉದ್ದೇಶ

ಮೀನಿನ ಹಿಕ್ಕೆ ಮತ್ತು ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯ ಹೆಚ್ಚುತ್ತದೆ. ಸೂಕ್ಷ್ಮಜೀವಿಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅಮೋನಿಯ ಮತ್ತು ನೈಟ್ರೈಟ್ ಎರಡೂ ಮೀನಿಗೆ ವಿಷ. ಇವುಗಳನ್ನು ತಗ್ಗಿಸಲು ಹಳೆಯ ನೀರಿನ ಸ್ವಲ್ಪ ಭಾಗವನ್ನು ಹೊರಹಾಕಿ ಹೊಸ ನೀರು ತುಂಬಬೇಕಾಗುತ್ತದೆ.

ನೀರು ತುಂಬುವುದು ಮತ್ತು ನೀರು ಬದಲಿಸುವುದು ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲ ಮೀನು ಮತ್ತು ಹವಳದ ಜೀವಿಗಳನ್ನು ಸಾಕುವವರು ಇದನ್ನು ಚೆನ್ನಾಗಿ ಬಲ್ಲರು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆವಿಯಾದ ನೀರಿನ ಬದಲು ಅವರು ಸಿಹಿನೀರನ್ನೇ ಸೇರಿಸುತ್ತಾರೆ. ಹಳೆಯ ನೀರು ತೆಗೆದಾಗ ಮಾತ್ರ ಅಷ್ಟೇ ಉಪ್ಪುಳ್ಳ ನೀರನ್ನು ಹಾಕುತ್ತಾರೆ. ಸವಳು ಬಾವಿಯ ನೀರನ್ನು ಬಳಸುವ ರೈತರಿಗೂ ಈ ನಿಯಮ ಅನ್ವಯಿಸುತ್ತದೆ. ಒಂದು ಮೀಟರ್ ಆಳದ ತೊಟ್ಟಿಯಿಂದ ಬೇಸಿಗೆಯಲ್ಲಿ ದಿನಕ್ಕೆ 8 ಮಿ.ಮೀ. ನೀರು ಆವಿಯಾಗುವುದೆಂದು ತಿಳಿಯೋಣ. ತಿಂಗಳಿಗೆ 24 ಸೆಂ.ಮೀ. ಆಯಿತು. ಲೀಟರಿಗೆ 2 ಗ್ರಾಂ ಉಪ್ಪುಳ್ಳ ನೀರಿನಿಂದಲೇ ಅದನ್ನು ತುಂಬುತ್ತ ಹೋದರೆ ತೊಟ್ಟಿಯ ಉಪ್ಪಿನಂಶ ತಿಂಗಳಲ್ಲಿ 2 ಗ್ರಾಂನಿಂದ ಸುಮಾರು 2.5 ಗ್ರಾಂಗೆ ಏರುತ್ತದೆ. ಆದ್ದರಿಂದ ಆವಿಯಾದುದನ್ನು ಸಾಧ್ಯವಾದಷ್ಟು ಕಾಲುವೆ ನೀರು ಅಥವಾ ಮಳೆ ನೀರಿನಿಂದ ತುಂಬುವುದು ಲೇಸು.

ನೀರಿನ ಮೂಲಗಳು ಮತ್ತು ಅವುಗಳ ದೋಷಗಳು

ಕಾಲುವೆ ನೀರು: ಉಪ್ಪು ಕಡಿಮೆ, ಗಾಳಿ ಸಾಕಷ್ಟು. ಆದರೆ ಕಾಲುವೆ ಬಂದಾಗಿ ಮತ್ತೆ ಬಿಟ್ಟ ಮೊದಲ ನೀರು ಕಸ, ರಾಡಿ ಮತ್ತು ಸಿಂಪರಣೆಯ ಔಷಧಿಯ ಅಂಶವನ್ನು ತರಬಹುದು. ಮೊದಲ ದಿನದ ನೀರನ್ನು ಮೀನು ತೊಟ್ಟಿಗೆ ಬಿಡಬಾರದು.

ಕೊಳವೆ ಬಾವಿ ನೀರು: ನೋಡಲು ತಿಳಿಯಾಗಿದ್ದರೂ ಇದರಲ್ಲಿ ಆಮ್ಲಜನಕ ಬಹಳ ಕಡಿಮೆ. ಇಂಗಾಲದ ಡೈ ಆಕ್ಸೈಡ್, ಕೆಲವೆಡೆ ಕಬ್ಬಿಣ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇರಬಹುದು.

ಬಸಿಗಾಲುವೆ ನೀರು: ಕಪ್ಪು ಭೂಮಿಯಲ್ಲಿ ಕಬ್ಬಿಗೆ ಅತಿಯಾಗಿ ನೀರು ಹಾಯಿಸಿದೆಡೆ ತಗ್ಗಿನ ಜಮೀನು ಜವಳಾಗಿ ಸವಳೇಳುತ್ತದೆ. ಅಲ್ಲಿಂದ ಬಸಿದು ಬರುವ ನೀರಿನಲ್ಲಿ ಉಪ್ಪು ಮತ್ತು ಗೊಬ್ಬರದ ಅಂಶ ಹೆಚ್ಚು. ಪರೀಕ್ಷೆ ಮಾಡಿಸದೆ ಇದನ್ನು ಬಳಸಬಾರದು.

ನಳದ ನೀರು: ಇದರಲ್ಲಿ ಕ್ಲೋರಿನ್ ಇರುತ್ತದೆ. ಮನುಷ್ಯನಿಗೆ ಹಿತವಾದ ಪ್ರಮಾಣವೂ ಮೀನಿನ ಕಿವಿರನ್ನು ಸುಡುತ್ತದೆ.

ಅವಘಡಗಳು ಮತ್ತು ತಕ್ಷಣದ ಕ್ರಮಗಳು

1. ಮೀನು ಮೇಲೆ ಬಂದು ಬಾಯಿ ತೆರೆಯುವುದು: ಹೆಚ್ಚಾಗಿ ನಸುಕಿನಲ್ಲಿ ಕಾಣುತ್ತದೆ. ಆಮ್ಲಜನಕ ಸಾಲದೆಂಬುದರ ಗುರುತು ಇದು. ಲೀಟರಿಗೆ 5 ಮಿ.ಗ್ರಾಂ ಆಮ್ಲಜನಕ ಇದ್ದರೆ ಗೆಂಡೆ ಮೀನುಗಳಿಗೆ ಹಿತ, 3 ಮಿ.ಗ್ರಾಂಗಿಂತ ಇಳಿದರೆ ಅವು ಬಳಲುತ್ತವೆ. ಇದನ್ನು ಕಂಡ ರೈತರು ಗಾಬರಿಯಿಂದ ಕೊಳವೆ ಬಾವಿಯ ನೀರನ್ನು ನೇರವಾಗಿ ತೊಟ್ಟಿಯ ತಳಕ್ಕೆ ಬಿಡುವುದುಂಟು. ಗಾಳಿಯಿಲ್ಲದ ನೀರಿಗೆ ಗಾಳಿಯಿಲ್ಲದ ನೀರನ್ನೇ ಸೇರಿಸಿದಂತಾಗುತ್ತದೆ. ಮೊದಲು ಗಾಳಿ, ಆಮೇಲೆ ನೀರು ಎಂಬುದನ್ನು ನೆನಪಿಡಬೇಕು. ತೊಟ್ಟಿಯ ಮೇಲ್ಪದರದ ನೀರನ್ನೇ ಪಂಪಿನಿಂದ ಎತ್ತಿ, ತೂತುಗಳುಳ್ಳ ಕೊಳವೆಯ ಮೂಲಕ ಮಳೆಯಂತೆ ಮರಳಿ ಬೀಳಿಸಬೇಕು. ತಳದ ರಾಡಿಯನ್ನು ಕಲಕಬಾರದು. ಆಹಾರ, ಸಗಣಿ ಬಗ್ಗಡ ಹಾಕುವುದನ್ನು ನಿಲ್ಲಿಸಬೇಕು.

2. ಉಷ್ಣತಾಮಾನದ ಆಘಾತ: ಬಿಸಿಲಿನಲ್ಲಿ ಕಾದ ತೊಟ್ಟಿಗೆ ತಣ್ಣೀರನ್ನು ರಭಸದಿಂದ ಬಿಟ್ಟಾಗ ಮೀನು ಮಂಕಾಗಿ ಒಂದು ಬದಿಗೆ ವಾಲುತ್ತದೆ. ಬಿಸಿಲಿಗೆ ಒಡ್ಡಿದ ಕೊಳವೆಯಲ್ಲಿ ನಿಂತ ಬಿಸಿ ನೀರು ಬಿದ್ದರೂ ಇದೇ ಪರಿಣಾಮ. ವ್ಯತ್ಯಾಸ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿದ್ದರೆ ಅಪಾಯ. ನೀರನ್ನು ಕೂಡಲೇ ನಿಲ್ಲಿಸಿ, ಗಾಳಿ ಆಡಿಸಿ, ತೊಟ್ಟಿ ತಾನಾಗಿ ಸಮಸ್ಥಿತಿಗೆ ಬರಲು ಬಿಡಬೇಕು. ತಣ್ಣಗಾಯಿತೆಂದು ಬಿಸಿ ನೀರು ಸುರಿಯುವುದು ಎರಡನೆಯ ಆಘಾತವಾಗುತ್ತದೆ.

3. ಸುಣ್ಣದಿಂದಾಗುವ ಕೇಡು: ನೀರು ವಾಸನೆ ಬಂದೊಡನೆ ಸುಣ್ಣ ಹಾಕುವ ರೂಢಿ ಇದೆ. ಖಾಲಿ ಹೊಂಡವನ್ನು ಸಿದ್ಧಪಡಿಸುವಾಗ ಸುಣ್ಣ ಉಪಯುಕ್ತ. ಅಮೋನಿಯ ತುಂಬಿದ ನೀರಿಗೆ ಮೀನು ಇರುವಾಗಲೇ ಹಾಕಿದರೆ ಮಾತ್ರ ಅನರ್ಥ. ಅಮೋನಿಯದ ವಿಷಕಾರಿ ಭಾಗವು ನೀರಿನ ರಸಸಾರವನ್ನು ಅವಲಂಬಿಸಿದೆ. 25 ಡಿಗ್ರಿ ಉಷ್ಣತೆಯಲ್ಲಿ ರಸಸಾರ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. 8 ಆದಾಗ ಸುಮಾರು ಶೇಕಡಾ 5, 9 ಆದಾಗ ಸುಮಾರು ಶೇಕಡಾ 36. ಸುಣ್ಣ ರಸಸಾರವನ್ನು ಏರಿಸುತ್ತದೆ. ಸವಳು ನೀರಿನ ರಸಸಾರ ಮೊದಲೇ ಹೆಚ್ಚಿದ್ದರೆ ಅಪಾಯ ಇನ್ನೂ ಹೆಚ್ಚು. ಇಂಥ ವೇಳೆ ಆಹಾರ ನಿಲ್ಲಿಸಿ ಸ್ವಲ್ಪ ಸ್ವಲ್ಪವಾಗಿ ನೀರು ಬದಲಿಸುವುದೇ ಸರಿಯಾದ ದಾರಿ.

4. ಕಿವಿರು ಕಂದು ಬಣ್ಣಕ್ಕೆ ತಿರುಗುವುದು: ಗಾಳಿ ಸಾಕಷ್ಟಿದ್ದರೂ ಮೀನು ಏದುಸಿರು ಬಿಡುತ್ತಿದ್ದು, ಕಿವಿರು ಕೆಂಪಾಗಿರದೆ ಕಂದಾಗಿದ್ದರೆ ನೈಟ್ರೈಟ್ ವಿಷವೆಂದು ಶಂಕಿಸಬೇಕು. ಅಡಿಗೆ ಉಪ್ಪಿನಲ್ಲಿರುವ ಕ್ಲೋರೈಡ್ ಅಂಶ ನೈಟ್ರೈಟ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಸಾವಿರ ಲೀಟರ್ ನೀರಿಗೆ 100 ಗ್ರಾಂ ಉಪ್ಪನ್ನು ಬಕೆಟ್ಟಿನಲ್ಲಿ ಕರಗಿಸಿ ತೊಟ್ಟಿಯ ಸುತ್ತ ಚಿಮುಕಿಸಬೇಕು.

5. ಕ್ಲೋರಿನ್ ತಗಲುವುದು: ನಳದ ನೀರು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಮೀನು ಜಿಗಿದಾಡುತ್ತದೆ. ನೀರು ನಿಲ್ಲಿಸಿ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಬಳಸಬೇಕು. ಒಂದು ಭಾಗ ಕ್ಲೋರಿನ್‌ಗೆ ಏಳು ಭಾಗ ಹೈಪೋ ಬೇಕು. ಸಾವಿರ ಲೀಟರಿನಲ್ಲಿ 2 ಗ್ರಾಂ ಕ್ಲೋರಿನ್ ಇದ್ದರೆ 14 ಗ್ರಾಂ ಹೈಪೋ ಸಾಕು. ಮುಂದೆ ನಳದ ನೀರನ್ನು ಒಂದು ದಿನ ಬೇರೆ ತೊಟ್ಟಿಯಲ್ಲಿ ತೆರೆದಿಟ್ಟು, ಚೆನ್ನಾಗಿ ಗಾಳಿ ಆಡಿಸಿ ಬಳಸಬೇಕು.

6. ಕೀಟನಾಶಕ ಸೇರುವುದು: ಸೈಪರ್‌ಮೆಥ್ರಿನ್‌ನಂಥ ಪೈರಿಥ್ರಾಯ್ಡ್ ಔಷಧಿಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ಮೀನು ಸುತ್ತುತ್ತ, ನಡುಗುತ್ತ ಸಾಯುತ್ತಿದ್ದರೆ ನೀರಿನ ಒಳಹರಿವನ್ನು ತಡೆದು, ಖಚಿತವಾಗಿ ಶುದ್ಧವೆಂದು ತಿಳಿದ ನೀರು ಬಿಡಬೇಕು. ನಿಧಾನದ ನಿಯಮಕ್ಕೆ ಇದೊಂದೇ ಹೊರತು. ಇಲ್ಲಿ ವಿಷವನ್ನು ಬೇಗ ತಗ್ಗಿಸಬೇಕಾಗುತ್ತದೆ. ಹೀಗೆ ಸತ್ತ ಮೀನನ್ನು ತಿನ್ನಬಾರದು, ಮಾರಬಾರದು, ಕೋಳಿಗೂ ಹಾಕಬಾರದು. ಬಾವಿಯಿಂದ ದೂರ ಹೂಳಬೇಕು. ಔಷಧಿ ಬೆರೆತ ನೀರನ್ನು ಹಳ್ಳಕ್ಕಾಗಲಿ ಕಾಲುವೆಗಾಗಲಿ ಹರಿಸಬಾರದು.

7. ತೊಟ್ಟಿ ಬರಿದಾಗುವುದು: ಪಂಪಿನ ಕೊಳವೆಯ ತುದಿ ತೊಟ್ಟಿಯ ನೀರಿನಲ್ಲಿ ಮುಳುಗಿದ್ದು, ಕರೆಂಟು ಹೋದರೆ ನೀರು ತಾನೇ ತಾನಾಗಿ ಬಾವಿಗೆ ಹಿಮ್ಮುಖವಾಗಿ ಹರಿಯಬಹುದು. ಕೊಳವೆಯ ತುದಿಯನ್ನು ನೀರಿನ ಮಟ್ಟಕ್ಕಿಂತ ಒಂದು ಅಡಿ ಮೇಲಿಡಬೇಕು. ನೀರು ಹೊರಹೋಗುವ ಕೊಳವೆಯ ಬಾಯನ್ನು ತೊಟ್ಟಿಯ ಒಳಗೆ ಎತ್ತರಿಸಿ ನಿಲ್ಲಿಸಿದರೆ, ಮುಚ್ಚಲು ಮರೆತರೂ ಆ ಮಟ್ಟದವರೆಗೆ ನೀರು ಉಳಿಯುತ್ತದೆ. ನೀರು ತಳಮುಟ್ಟಿದ್ದರೆ ಒಮ್ಮೆಲೇ ತುಂಬದೆ, ಹೊಸ ನೀರನ್ನು ಚಿಮುಕಿಸುತ್ತ ಹಲವು ತಾಸುಗಳಲ್ಲಿ ಏರಿಸಬೇಕು.

8. ನೆರೆ ನೀರು ನುಗ್ಗುವುದು: 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗು ಪ್ರದೇಶಗಳು ಜಲಾವೃತವಾದುದನ್ನು ರೈತರು ಮರೆತಿಲ್ಲ. ನೆರೆ ಇಳಿದ ಮೇಲೆ ಹೊಂಡದೊಳಗೆ ಬಂದ ಬೇರೆ ಮೀನುಗಳನ್ನು ಬಲೆಯಿಂದ ತೆಗೆದು, ಗಾಳಿ ಆಡಿಸಿ, ದಿನಕ್ಕೆ ಹತ್ತನೆಯ ಒಂದು ಭಾಗದಂತೆ ನೀರು ಬದಲಿಸಬೇಕು. ರಾಡಿ ತಿಳಿಯಾಗದಿದ್ದರೆ ಸಾವಿರ ಲೀಟರಿಗೆ 200ರಿಂದ 300 ಗ್ರಾಂ ಜಿಪ್ಸಂ ಬಳಸಬಹುದು. ಇದು ಸುಣ್ಣದಂತೆ ರಸಸಾರವನ್ನು ಏರಿಸುವುದಿಲ್ಲ.

ಎಷ್ಟು ಬದಲಿಸಬೇಕು?

ಉದ್ದ, ಅಗಲ, ಆಳಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಸಾವಿರದಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 6 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳದ ತೊಟ್ಟಿಯಲ್ಲಿ 24,000 ಲೀಟರ್ ನೀರಿರುತ್ತದೆ. ಒಂದು ಸಲಕ್ಕೆ ಐದನೆಯ ಒಂದು ಭಾಗ, ಅಂದರೆ 4,800 ಲೀಟರ್ ಬದಲಿಸಿದರೆ ಹಳೆಯ ಕಲ್ಮಶದ ಶೇಕಡಾ 80 ಉಳಿಯುತ್ತದೆ. ಹೀಗೆ ಮೂರು ದಿನ ಮಾಡಿದರೆ ಶೇಕಡಾ 51, ಐದು ದಿನ ಮಾಡಿದರೆ ಶೇಕಡಾ 33 ಉಳಿಯುತ್ತದೆ. ಐದು ದಿನಗಳಲ್ಲಿ ಕಲ್ಮಶ ಮೂರನೆಯ ಒಂದು ಭಾಗಕ್ಕೆ ಇಳಿದರೂ ಮೀನಿಗೆ ಯಾವ ದಿನವೂ ಆಘಾತವಾಗಲಿಲ್ಲ.

ಹೊಸ ಮೂಲದ ನೀರನ್ನು ಬಳಸುವ ಮುನ್ನ ಒಂದು ಬಕೆಟ್ಟಿನಲ್ಲಿ ಆ ನೀರನ್ನು ತುಂಬಿ, ಗಾಳಿ ಆಡಿಸುತ್ತ, ನಾಲ್ಕೈದು ಮರಿಗಳನ್ನು ಒಂದು ದಿನ ಬಿಟ್ಟು ನೋಡಬೇಕು. ನಾಲ್ಕು ಮರಿ ಹೋದರೂ ನಾಲ್ಕು ನೂರು ಉಳಿಯುತ್ತವೆ. ರಸಸಾರ ಮತ್ತು ಲವಣಾಂಶವನ್ನು ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರದಲ್ಲಿ ತಿಳಿದುಕೊಳ್ಳುವುದು ಉತ್ತಮ.

ಹೊರತೆಗೆದ ನೀರಿನ ಬಳಕೆ

ಈ ನೀರಿನಲ್ಲಿ ಸಾರಜನಕ ಮತ್ತು ರಂಜಕ ಇರುವುದರಿಂದ ಮೇವಿನ ಬೆಳೆ, ತೆಂಗು, ಬಾಳೆಗೆ ಒಳ್ಳೆಯದು. ಆದರೆ ಸವಳು ನೀರಿನ ತೊಟ್ಟಿಯದಾದರೆ ಕಪ್ಪು ಭೂಮಿಗೆ ಪದೇ ಪದೇ ಹಾಯಿಸಬಾರದು. ತೊಟ್ಟಿಯ ದೋಷ ಹೊಲಕ್ಕೆ ದಾಟೀತು.

ಪ್ರಾಣಾಪಾಯದ ಎಚ್ಚರಿಕೆ

ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಬದಿ ಪಾಚಿಯಿಂದ ಜಾರುತ್ತದೆ. ಈಜು ಬಲ್ಲವರೂ ಮೇಲೆ ಬರಲಾರರು. ರಾತ್ರಿ ಮೀನು ತೇಲುವುದನ್ನು ಕಂಡು ಒಬ್ಬರೇ ಹೊಂಡಕ್ಕೆ ಇಳಿಯಬಾರದು. ಗಂಟು ಹಾಕಿದ ಹಗ್ಗವನ್ನು ದಂಡೆಗೆ ಕಟ್ಟಿ ಒಳಗೆ ಇಳಿಬಿಟ್ಟಿರಬೇಕು; ಸುತ್ತಲೂ ಬೇಲಿ ಇರಬೇಕು. ಪಂಪನ್ನು ಮುಟ್ಟುವ ಮೊದಲು ಕರೆಂಟು ತೆಗೆಯಬೇಕು. ಹೋದ ಮೀನನ್ನು ಮುಂದಿನ ಹಂಗಾಮಿನಲ್ಲಿ ಮತ್ತೆ ಬೆಳೆಸಬಹುದು. ಹೋದ ಜೀವ ಮರಳದು.

ಅವಘಡ ಕಂಡಾಗ ನೀರು ನಿಲ್ಲಿಸುವುದು, ಗಾಳಿ ಆಡಿಸುವುದು, ಆಹಾರ ನಿಲ್ಲಿಸುವುದು, ಕಾರಣ ತಿಳಿಯುವುದು, ಬಳಿಕ ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು: ಈ ಕ್ರಮವನ್ನು ವಿಸ್ತರಣಾ ಕಾರ್ಯಕರ್ತರು ರೈತರಿಗೆ ತೊಟ್ಟಿಯ ದಂಡೆಯ ಮೇಲೆಯೇ ಮಾಡಿ ತೋರಿಸಿದರೆ ಹೆಚ್ಚಿನ ನಷ್ಟವನ್ನು ತಪ್ಪಿಸಬಹುದು.